ನಾಲಿಗೆಯ ಮೇಲೆ ಕಬ್ಬಿಣ

ಫೆಬ್ರವರಿ ೧೨

ಅಕ್ಕಾ,

ಈ ಪತ್ರದ ಜೊತೆ ಒಂದು ಪೊಟ್ಟಣವಿದೆ. ಒಳಗಿರುವ ಬಿಳಿ ಪುಡಿ ನೋಡಿ ಸೋಪಿನ ಪುಡಿ ಅಂದುಕೊಂಡು ಬಟ್ಟೆ ನೆನೆಹಾಕಬೇಡ. ನಾನು ಇಷ್ಟು ದಿನ ಹೇಳುತ್ತಾ ಬಂದದ್ದು ಇದೇ. ಕೋಳಿಯ ಹಂಗಿಲ್ಲದೆ ಮಾಡಿದ ಮೊಟ್ಟೆಯ ಬಿಳಿಭಾಗ.

ಹೇಳಲು ಹೊರಟಾಗಲೆಲ್ಲ ನೀನು ನಕ್ಕು ಮಾತು ಮರೆಸಿದ್ದೀಯ, ಅದಕ್ಕೇ ಈ ಸಲ ಬರೆದು ಹೇಳುತ್ತೇನೆ. ನಮ್ಮ ಕಾರ್ಖಾನೆಯಲ್ಲಿ ಎರಡು ಮಹಡಿ ಎತ್ತರದ ಉಕ್ಕಿನ ಟ್ಯಾಂಕುಗಳಿವೆ. ಅವುಗಳಲ್ಲಿ ಸಕ್ಕರೆ ನೀರು, ಒಂದಿಷ್ಟು ಲವಣ, ಮತ್ತೆ ನೀನು ಬ್ರೆಡ್ಡಿಗೆ ಹಾಕುತ್ತೀಯಲ್ಲ, ಆ ಯೀಸ್ಟಿನ ದಾಯಾದಿಯೊಂದು. ಮೊಟ್ಟೆಯ ಬಿಳಿಭಾಗದಲ್ಲಿ ಯಾವ ಪ್ರೋಟೀನು ಇರುತ್ತದೋ ಅದನ್ನೇ ಮಾಡಲು ಈ ಯೀಸ್ಟಿಗೆ ಕಲಿಸಿದ್ದಾರೆ. ಅದು ಸಕ್ಕರೆ ತಿಂದು ಬೆಳೆಯುತ್ತದೆ, ಪ್ರೋಟೀನನ್ನು ಹೊರಗೆ ಬಿಡುತ್ತದೆ. ನಾವು ಸೋಸಿ, ಒಣಗಿಸಿ, ಪುಡಿ ಮಾಡುತ್ತೇವೆ. ಕೋಳಿಗೂಡು ಬೇಡ, ಮೇವು ಬೆಳೆಯಲು ಹೊಲ ಬೇಡ. ಟ್ಯಾಂಕಿಗೆ ಬಿಸಿ ಹೆಚ್ಚಾಯಿತೇ, ಗಾಳಿ ಸಾಕೇ, ಹಸಿದಿದೆಯೇ ಎಂದು ನೋಡುತ್ತಿರುವುದು ನನ್ನ ಕೆಲಸ. ಒಂಥರಾ ಬಾಣಂತನ.

ಈಗ ಒಂದು ದೊಡ್ಡ ಬೇಕರಿ ಕಂಪನಿ ಕೊಳ್ಳಲು ಮುಂದೆ ಬಂದಿದೆ. ಅವರ ಷರತ್ತು ಒಂದೇ: ಪುಡಿಗೆ ತನ್ನದೇ ಆದ ಯಾವ ರುಚಿಯೂ ಇರಕೂಡದು. ನಮ್ಮಲ್ಲಿ ರುಚಿ ನೋಡುವುದಕ್ಕೆಂದೇ ಒಂದು ತಂಡವಿದೆ, ಅವರೆಲ್ಲ ಸರಿ ಎಂದಿದ್ದಾರೆ. ನನಗೆ ಮಾತ್ರ ನಿನ್ನ ನಾಲಿಗೆ ಸರಿ ಅನ್ನುವವರೆಗೆ ಸಮಾಧಾನವಿಲ್ಲ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ ನಾಲಿಗೆ ಅದು, ಈಗ ಇಡೀ ಹಾಸ್ಟೆಲಿಗೆ ಉಣ್ಣಿಸುತ್ತಿರುವ ನಾಲಿಗೆ.

ಫೋನಿನಲ್ಲಿ ಹೇಳಬೇಡ. ನನ್ನ ದನಿ ಕೇಳಿದರೆ ಕರಗಿಹೋಗಿ ಚೆನ್ನಾಗಿದೆ ಅಂದುಬಿಡುತ್ತೀಯ. ಬರೆದು ಕಳಿಸು.

ನಿನ್ನ ತಮ್ಮ

*

ಫೆಬ್ರವರಿ ೨೫

ಬಾಣಂತನ ಮಾಡುವ ತಮ್ಮನಿಗೆ,

ಬಟ್ಟೆ ನೆನೆಹಾಕಲಿಲ್ಲ. ಹಾಕಿದ್ದರೆ ಕೊಳೆಯಾದರೂ ಹೋಗುತ್ತಿತ್ತೇನೋ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ನೀರು ಹಾಕಿ ಕಡೆದೆ. ಎಂಥ ನೊರೆ ಬಂತು ಎಂದರೆ ಪಾತ್ರೆ ಬೋರಲು ಹಾಕಿದರೂ ಅಲ್ಲಾಡಲಿಲ್ಲ. ನನ್ನ ಕೈಕೆಳಗಿನ ಹುಡುಗಿಯರು ಬಾಯಿಬಿಟ್ಟು ನೋಡಿದರು. ಒಂದು ಪಾಲು ಕೇಕಿಗೆ ಹಾಕಿದೆ, ಎದ್ದಿತು. ಇನ್ನೊಂದು ಪಾಲು ಆಮ್ಲೆಟ್ ಮಾಡಿದೆ, ಮೆತ್ತಗೆ ಬಂತು. ಇಲ್ಲಿಯವರೆಗೆ ನಿನಗೆ ನೂರಕ್ಕೆ ನೂರು.

ಆಮೇಲೆ ಬಾಯಿಗಿಟ್ಟೆ. ಕಬ್ಬಿಣ ಕಣೋ. ತುಕ್ಕು ಹಿಡಿದ ಮೊಳೆ ಚೀಪಿದ ಹಾಗೆ. ನುಂಗಿದ ಮೇಲೂ ನಾಲಿಗೆಯ ಬುಡದಲ್ಲಿ ಕೂತುಕೊಂಡಿತ್ತು, ನೀರು ಕುಡಿದರೂ ಇಳಿಯಲಿಲ್ಲ. ನಿನ್ನ ತಂಡದವರ ಬಾಯಲ್ಲಿರುವುದು ನಾಲಿಗೆಯೋ ಚಪ್ಪಲಿಯ ಅಟ್ಟೆಯೋ ಸ್ವಲ್ಪ ವಿಚಾರಿಸು. ಹುಡುಗಿಯರಿಗೂ ತಿನ್ನಲು ಕೊಟ್ಟೆ. ಏನೂ ಗೊತ್ತಾಗಲ್ಲ ಅಕ್ಕಾ ಅಂದರು. ಈಗಿನವರಿಗೆ ಗೊತ್ತಾಗುವುದಾದರೂ ಏನು.

ಬೇಜಾರು ಮಾಡಿಕೊಳ್ಳಬೇಡ. ಹೇಳು ಅಂದೆ, ಹೇಳಿದೆ. ಎಲ್ಲೋ ಪೈಪು ಸವೆಯುತ್ತಿರಬೇಕು, ನೋಡಿಸು.

ಇಲ್ಲಿ ಎಲ್ಲ ಮಾಮೂಲು. ಹೊಸ ವಾರ್ಡನ್ ಬಂದಿದ್ದಾಳೆ. ಸೂಪಿಗೆ ಉಪ್ಪು ಹೆಚ್ಚಾಯಿತು ಎಂದು ದಿನಾ ಒಂದು ರಾಗ. ಆಸ್ಪತ್ರೆ ಊಟ ತಿಂದು ಬೆಳೆದವಳಿರಬೇಕು.

ಅಕ್ಕ

*

ಮಾರ್ಚ್ ೨೦

ಅಕ್ಕಾ,

ನಿನ್ನ ಪತ್ರ ಓದಿ ಮೊದಲು ಪೆಚ್ಚಾದೆ. ಆಮೇಲೆ, ನಿನ್ನನ್ನು ಕೇಳಿದ್ದು ಎಷ್ಟು ಒಳ್ಳೆಯದಾಯಿತು ಅನ್ನಿಸಿತು.

ಯೀಸ್ಟಿಗೂ ಕಬ್ಬಿಣಾಂಶ ಬೇಕು. ಅದಕ್ಕೆ ಕೊಡುವ ಲವಣಗಳಲ್ಲಿ ಅದೂ ಒಂದು. ತೊಳೆಯುವಾಗ ಪೂರ್ತಿ ಹೋಗುತ್ತಿಲ್ಲವೇನೋ ಎಂದು ನಮ್ಮ ಲ್ಯಾಬಿಗೆ ಕೊಟ್ಟೆ. ಕುಡಿಯುವ ನೀರಿನಲ್ಲಿ ಇರುವುದಕ್ಕಿಂತಲೂ ಕಡಿಮೆ ಇದೆ ಎಂದು ವರದಿ ಬಂತು. ಯಂತ್ರಕ್ಕೆ ಸಿಗದ್ದು ನನ್ನ ಅಕ್ಕನ ನಾಲಿಗೆಗೆ ಸಿಕ್ಕಿದೆ ಎಂದು ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದೆ. ಎಲ್ಲರೂ ನಕ್ಕರು. ನಮ್ಮ ಮುಖ್ಯಸ್ಥೆ ಮೇಡಂ ಮಾತ್ರ ನಗದೆ, ನಿಮ್ಮ ಅಕ್ಕ ಏನು ಮಾಡಿಕೊಂಡಿದ್ದಾರೆ ಎಂದು ಕೇಳಿದರು. ಹಾಸ್ಟೆಲಿನ ದೊಡ್ಡ ಅಡುಗೆಯವರು, ಚಮಚದ ತುದಿ ನಾಲಿಗೆಗೆ ಮುಟ್ಟಿಸಿದರೆ ಸಾಕು, ಬೇಳೆ ಯಾವ ಅಂಗಡಿಯದೆಂದು ಹೇಳುತ್ತಾರೆ ಎಂದೆ. ಹಾಗಾದರೆ ಇನ್ನೊಮ್ಮೆ ಮಾಡಿ ನೋಡಿ ಎಂದರು.

ಇದು ಹೊಸದು. ಆ ಲವಣವನ್ನು ಅರ್ಧಕ್ಕೆ ಇಳಿಸಿದ್ದೇವೆ. ನೋಡಿ ಬರೆ.

ಇದೆಲ್ಲ ಮುಗಿದ ಮೇಲೆ ಒಂದು ವಾರ ಬಂದು ಇರುತ್ತೇನೆ. ಅಥವಾ ಈಗಲೇ ಬರಲೇ?

ನಿನ್ನ ತಮ್ಮ

*

ಏಪ್ರಿಲ್ ೧೧

ತಮ್ಮಾ,

ಈಗಲೇ ಬರಬೇಡ. ಕೆಲಸ ಅರ್ಧಕ್ಕೆ ಬಿಟ್ಟು ಬಂದವರಿಗೆ ನಾನು ಊಟ ಹಾಕುವುದಿಲ್ಲ.

ಕಬ್ಬಿಣ ಹೋಗಿಲ್ಲ. ನಿನ್ನ ಮೇಡಂ ನಂಬಲಿ, ಬಿಡಲಿ. ಒಂದು ತುತ್ತು ತಿಂದು ತಟ್ಟೆ ಪಕ್ಕಕ್ಕಿಟ್ಟೆ. ನಿಮ್ಮ ಪುಡಿ ಒಣಗಿಸುವ ಯಂತ್ರ ಇದೆಯಲ್ಲ, ಅದರ ಜರಡಿ ಏನಾದರೂ ಸವೆದಿದೆಯೇ? ನಮ್ಮ ಹಿಟ್ಟಿನ ಗಿರಣಿಯಲ್ಲಿ ಹೀಗೇ ಆಗಿತ್ತು.

ನಿನ್ನ ಪೊಟ್ಟಣ ಬಂದ ದಿನ ನನಗೆ ಬಹಳ ಖುಷಿ. ಬಾಗಿಲು ಹಾಕಿಕೊಂಡು, ಬಾಯಿ ಮುಕ್ಕಳಿಸಿ, ಪರೀಕ್ಷೆಗೆ ಕೂತವಳ ಹಾಗೆ ಕೂತು ತಿನ್ನುತ್ತೇನೆ. ಕಳಿಸುವುದು ನಿಲ್ಲಿಸಬೇಡ.

ಚಪ್ಪಲಿ ಬಿಗಿಯಾಗಿ ಹೊಸ ಜೋಡಿ ತಗೊಂಡೆ, ಒಂದು ಅಳತೆ ದೊಡ್ಡದು. ಈ ವಯಸ್ಸಿನಲ್ಲಿ ನನ್ನ ಪಾದ ಬೆಳೆಯುತ್ತಿದೆ ಎಂದು ಅಂಗಡಿಯವನು ತಮಾಷೆ ಮಾಡಿದ. ಸೋಪೂ ಬದಲಾಯಿಸಿದೆ, ಹಳೆಯದು ಮೈಯೆಲ್ಲ ತುರಿಕೆ ಎಬ್ಬಿಸುತ್ತಿತ್ತು. ಹೊಸದೂ ಅಷ್ಟೇ. ಈಗ ಯಾವ ಸಾಮಾನೂ ಮೊದಲಿನ ಹಾಗಿಲ್ಲ.

ಅಕ್ಕ

*

ಮೇ ೮

ಅಕ್ಕಾ,

ನೀನು ಹೇಳಿದ ಹಾಗೆ ಜರಡಿ ಬಿಚ್ಚಿಸಿದೆ. ಒಂದು ಮೂಲೆಯಲ್ಲಿ ನಿಜವಾಗಿಯೂ ಸವೆದಿತ್ತು. ಕುಣಿದಾಡುವುದೊಂದು ಬಾಕಿ ನನಗೆ. ಹೊಸ ಜರಡಿ ಬರುವವರೆಗೆ ಯಂತ್ರ ನಿಲ್ಲಿಸಿ, ಪೈಪುಗಳ ಒಳಗೆಲ್ಲ ಕ್ಯಾಮೆರಾ ಬಿಟ್ಟು ನೋಡಿದೆವು. ಬೇಕರಿಯವರಿಗೆ ಹೋಗಬೇಕಿದ್ದ ಮಾಲನ್ನು ನಾನೇ ಗೋದಾಮಿನಲ್ಲಿ ತಡೆಹಿಡಿಸಿದ್ದೇನೆ. ಅದರಿಂದ ಇಲ್ಲಿ ಯಾರಿಗೂ ಬೇಸರವಿಲ್ಲ. ಒಣಗಿಸುವ ಆ ಡ್ರೈಯರ್ ನೋಡಿಕೊಳ್ಳುವ ಗೆಳೆಯ ಮಾತ್ರ ಮಾತಾಡುತ್ತಿಲ್ಲ, ಅವನಿಗೆ ಹಲ್ಲುನೋವಂತೆ.

ಹೊಸ ಜರಡಿಯಲ್ಲಿ ಬಂದ ಮೊದಲ ಪುಡಿ ಇದು. ಈ ಸಲ ನೀನು ಸೋತೆ ಎಂದೇ ನನ್ನ ಅಂದಾಜು.

ನಿನ್ನ ತಮ್ಮ

*

ಜೂನ್ ೨

ತಮ್ಮಾ,

ಸೋಲಲಿಲ್ಲ. ಮೊದಲಿಗಿಂತ ಹೆಚ್ಚಾಗಿದೆ. ವಾಸನೆಗೇ ಹೊಟ್ಟೆ ತೊಳೆಸಿತು.

ಪತ್ರ ತಡವಾಯಿತು, ಕ್ಷಮಿಸು. ಸಂಜೆಯ ಹೊತ್ತಿಗೆ ಮೈ ಹಿಂಡಿ ಹಾಕಿದಂತಾಗುತ್ತದೆ. ಸೆಕೆ ಇರಬೇಕು. ಈಗೀಗ ಉಗ್ರಾಣದಲ್ಲಿ ಸ್ಟೂಲು ಹಾಕಿಕೊಂಡು ಕೂತೇ ಕೆಲಸ ಮಾಡುತ್ತೇನೆ. ತರಕಾರಿ ಲೆಕ್ಕ, ಬೇಳೆ ಆರಿಸುವುದು, ಹೀಗೆ. ಹುಡುಗಿಯರೂ ಒಲೆ ಕಲಿಯಬೇಕಲ್ಲ.

ಅಕ್ಕ

*

ಜೂನ್ ೧೨

ಅಕ್ಕಾ,

ಈ ಸಲ ಎರಡು ಪೊಟ್ಟಣಗಳಿವೆ. ಒಂದರ ಮೇಲೆ ಎಲೆಯ ಗುರುತು, ಇನ್ನೊಂದರ ಮೇಲೆ ದುಂಡು ಗುರುತು. ಎರಡನ್ನೂ ಒಂದೇ ರೀತಿ ಬೇಯಿಸಿ, ನಡುವೆ ಬಾಯಿ ತೊಳೆದುಕೊಂಡು, ಯಾವುದರಲ್ಲಿ ಏನಿದೆ ಎಂದು ಬರೆ. ಬೇರೆ ಏನೂ ಕೇಳಬೇಡ.

ಹುಷಾರಾಗಿದ್ದೀಯ ತಾನೆ?

ನಿನ್ನ ತಮ್ಮ

*

ಜೂನ್ ೨೪

ತಮ್ಮಾ,

ಬೇರೆ ಏನೂ ಕೇಳಬೇಡ ಅಂದರೆ ನನಗೆ ಕೇಳಬೇಕು ಅನ್ನಿಸುತ್ತದೆ ಎಂದು ನಿನಗೆ ಗೊತ್ತಿಲ್ಲವೇ. ಇರಲಿ.

ಎಲೆ ಗುರುತಿನದು: ಕಬ್ಬಿಣ ಇದೆ, ಹಳೆಯದರಷ್ಟೇ. ದುಂಡು ಗುರುತಿನದು: ಅಯ್ಯೋ, ಅದನ್ನು ಬಾಯಲ್ಲಿಟ್ಟುಕೊಳ್ಳಲಿಕ್ಕೇ ಆಗಲಿಲ್ಲ, ಉಗಿದೆ. ನಿಮ್ಮ ಟ್ಯಾಂಕಿನ ತಳವನ್ನೇ ಕೆರೆದು ಕಳಿಸಿದ್ದೀಯೇನೋ. ಇದನ್ನು ಮಾಡಿದವರು ಯಾರೋ, ಅವರನ್ನು ಮೊದಲು ಮನೆಗೆ ಕಳಿಸು. ಇಂಥದ್ದನ್ನು ತಿನ್ನುವ ಬದಲು ಜನ ಕೋಳಿ ಮೊಟ್ಟೆಯನ್ನೇ ತಿನ್ನಲಿ.

ಈ ಮಾತನ್ನು ನಿನ್ನ ಮೇಡಮ್ಮಿಗೆ ಓದಿ ಹೇಳು. ನನ್ನ ಹೆಸರಲ್ಲೇ ಹೇಳು, ಹೆದರಬೇಡ.

ಅಕ್ಕ

*

ಜೂನ್ ೩೦

ಅಕ್ಕಾ,

ನಿನ್ನೆ ಫೋನಿನಲ್ಲಿ ನಾನು ವಿಷಯಕ್ಕೆ ಬರುವ ಮೊದಲೇ ನೀನು ಕೆಲಸವಿದೆ ಎಂದು ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ಕೂತುಕೊಂಡು ಓದು.

ದುಂಡು ಗುರುತಿನ ಪೊಟ್ಟಣದಲ್ಲಿ ನಮ್ಮ ಪುಡಿ ಇರಲಿಲ್ಲ. ಅದು ಅಂಗಡಿಯಿಂದ ತಂದದ್ದು. ಕೋಳಿ ಮೊಟ್ಟೆಯ ಬಿಳಿಭಾಗವನ್ನು ಒಣಗಿಸಿ ಮಾಡಿದ ಪುಡಿ. ಬೇರೇನೂ ಅದರಲ್ಲಿಲ್ಲ.

ನಮ್ಮಲ್ಲಿ ಇದು ರೂಢಿ. ಒಂದು ದೋಷ ಎಲ್ಲಿಂದ ಬರುತ್ತಿದೆ ಎಂದು ತಿಳಿಯದಾಗ, ಆ ದೋಷ ಇರಲು ಸಾಧ್ಯವೇ ಇಲ್ಲದ ಒಂದು ಮಾದರಿಯನ್ನು ಜೊತೆಗಿಟ್ಟು ನೋಡುತ್ತೇವೆ. ಡ್ರೈಯರ್ ಗೆಳೆಯ ಏಪ್ರಿಲಿನಲ್ಲೇ ಹೇಳಿದ್ದ. ನಿನ್ನ ಮೇಲೆ ಹಾಗೆ ಮಾಡುವುದಿಲ್ಲ ಎಂದು ಅವನ ಹತ್ತಿರ ಜಗಳವಾಡಿದ್ದೆ. ಕೊನೆಗೆ, ಕೋಳಿಯದು ಚೆನ್ನಾಗಿದೆ, ನಿಮ್ಮದು ಕೆಟ್ಟದ್ದು ಎಂದು ನೀನು ಬರೆಯುತ್ತೀಯ, ಆ ಪತ್ರವನ್ನು ಎಲ್ಲರ ಮುಖಕ್ಕೆ ಹಿಡಿಯುತ್ತೇನೆ ಅಂದುಕೊಂಡು ಕಳಿಸಿದೆ.

ಅಕ್ಕಾ, ಚಹಾ ಹೇಗಿರುತ್ತದೆ ಈಗ? ಹಾಲು? ಬರೀ ನೀರು?

ರುಚಿ ನೋಡುವ ತಂಡದವರನ್ನು ನಮ್ಮ ಕಾರ್ಖಾನೆಯ ಡಾಕ್ಟರು ಆಗಾಗ ಪರೀಕ್ಷಿಸುತ್ತಾರೆ. ಅವರ ಹತ್ತಿರ ಹೋಗಿ ಕಬ್ಬಿಣದ ವಿಷಯ ಹೇಳಿದೆ. ಚಪ್ಪಲಿ, ತುರಿಕೆ, ಸುಸ್ತು, ಸ್ಟೂಲು ಎಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, "ನಿಮ್ಮ ಪುಡಿ ಬಿಡಿ. ಅವರ ಕಿಡ್ನಿ ನೋಡಿಸಿ. ಈ ವಾರವೇ ರಕ್ತ ಪರೀಕ್ಷೆ ಆಗ್ಬೇಕು" ಎಂದರು.

ದಮ್ಮಯ್ಯ ಅಂತೀನಿ. ಹೋಗು.

ನಿನ್ನ ತಮ್ಮ

*

ಜುಲೈ ೧೧

ತಮ್ಮನಿಗೆ,

ನೀನು ದೊಡ್ಡವನಾಗಿದ್ದೀಯ. ಅಕ್ಕನಿಗೇ ಪರೀಕ್ಷೆ ಇಡುವಷ್ಟು.

ಚಹಾ ಕೇಳಿದೆಯಲ್ಲ. ಚಹಾನೂ ಅಷ್ಟೇ. ಹಾಲೂ ಅಷ್ಟೇ. ಹಾಸ್ಟೆಲಿನ ನೀರಿನ ಟ್ಯಾಂಕು ಹಳೆಯದು, ಅದರದೇ ಕಾಟ ಅಂದುಕೊಂಡಿದ್ದೆ. ಮನೆಯ ಪಾತ್ರೆಗಳನ್ನೆಲ್ಲ ಬದಲಾಯಿಸಿದೆ. ಎಲ್ಲರ ಮೇಲೂ ತಪ್ಪು ಹೊರಿಸಿದೆ, ನಿನ್ನ ಮೇಲೂ.

ಇನ್ನೊಂದು ವಿಷಯ ನಿನಗೆ ಹೇಳಿರಲಿಲ್ಲ. ನಾನು ಒಲೆಯ ಮುಂದೆ ನಿಂತು ಬಹಳ ದಿನವಾಯಿತು. ಉಗ್ರಾಣಕ್ಕೆ ನಾನಾಗಿ ಹೋಗಿ ಕೂತದ್ದಲ್ಲ, ಕೂರಿಸಿದರು. ಏಪ್ರಿಲಿನಲ್ಲಿ ಒಂದು ಸಂಜೆ ಅಷ್ಟೂ ಸೂಪನ್ನು ಮಕ್ಕಳು ಬಟ್ಟಲಲ್ಲೇ ಬಿಟ್ಟು ಎದ್ದುಹೋದರು. ಉಪ್ಪಿನ ಗಣಿಯಾಗಿತ್ತಂತೆ. ನನಗೆ ಸಪ್ಪೆ ಅನ್ನಿಸಿ ಮತ್ತೆ ಮತ್ತೆ ಹಾಕಿದ್ದೆ. ವಾರ್ಡನ್ ಬೈಯಲಿಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು. ಕೈ ಹಿಡಿದು, "ಸ್ವಲ್ಪ ದಿನ ರೆಸ್ಟ್ ತಗೊಳ್ಳಿ" ಅಂದಳು. ನನ್ನ ಸೌಟು ಈಗ ನಾನೇ ಕಲಿಸಿದ ಹುಡುಗಿಯ ಕೈಯಲ್ಲಿದೆ.

ಅದಕ್ಕೇ ನಿನ್ನ ಪೊಟ್ಟಣಕ್ಕೆ ಬಾಗಿಲಲ್ಲಿ ಕಾಯುತ್ತಿದ್ದೆ. ಪ್ರಪಂಚದಲ್ಲಿ ಒಬ್ಬನಾದರೂ ನನ್ನ ನಾಲಿಗೆಯನ್ನು ನಂಬುತ್ತಾನೆ ಎಂದು. ಯಂತ್ರಕ್ಕೆ ಸಿಗದ್ದು ನನಗೆ ಸಿಗುತ್ತದೆ ಎಂದು ನೀನು ಬರೆದದ್ದನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಈಗ ಅದೂ ಹೋಯಿತು.

ಡಾಕ್ಟರ ಹತ್ತಿರ ಹೋಗುವುದಿಲ್ಲ. ಪೊಟ್ಟಣ ಕಳಿಸಬೇಡ.

ಅಕ್ಕ

*

ಜುಲೈ ೧೫

ಅಕ್ಕಾ,

ಬೈದದ್ದು ಸಾಲದು, ಇನ್ನೂ ಬೈಯಿ. ಬೈಯುವಷ್ಟು ಶಕ್ತಿ ಇರಲಿ ಎಂದೇ ನಾನು ಇಷ್ಟು ಪರದಾಡುತ್ತಿರುವುದು.

ನಾನೂ ನಿನಗೆ ಪೂರ್ತಿ ಹೇಳಿರಲಿಲ್ಲ. ಗೆಳೆಯನಿಗೆ ಹಲ್ಲುನೋವು ಬಂದಿರಲಿಲ್ಲ. ಮಾಲು ತಡೆಹಿಡಿದದ್ದಕ್ಕೆ ಅವನೊಬ್ಬನೇ ಅಲ್ಲ, ಇಡೀ ಪಾಳಿಯೇ ನನ್ನ ಮೇಲೆ ಸಿಟ್ಟಾಗಿತ್ತು. ಇನ್ನೊಂದು ಸಲ ಅಕ್ಕನ ಹೆಸರು ಎತ್ತಿದರೆ ನನ್ನನ್ನು ಟ್ಯಾಂಕಿನ ಕೆಲಸದಿಂದ ತೆಗೆದು ಬೇರೆ ಕಡೆ ಹಾಕುವುದಾಗಿ ಮೇಡಂ ಹೇಳಿದ್ದರು. ಆದರೂ ನಿನ್ನನ್ನೇ ನಂಬಿದೆ. ಈಗಲೂ ನಿನ್ನನ್ನೇ ನಂಬುತ್ತಿದ್ದೇನೆ. ಕಬ್ಬಿಣದ ರುಚಿ ಇದೆ ಎಂದೆ, ಇದೆ. ಇರುವ ಜಾಗ ಮಾತ್ರ ಬೇರೆ.

ನನಗೆ ಭಯವಾಗಿದೆ ಅಕ್ಕಾ. ಅಮ್ಮ ಹೋದಾಗ ನನಗೆ ಭಯವಾಗಲಿಲ್ಲ, ಯಾಕೆಂದರೆ ನೀನಿದ್ದೆ. ಇನ್ನೊಮ್ಮೆ ಹೋಗುವುದಿಲ್ಲ ಎಂದರೆ ಸಿಕ್ಕಿದ ಗಾಡಿಗೆ ನಾನೇ ಬಂದು ಹೊತ್ತುಕೊಂಡು ಹೋಗುತ್ತೇನೆ. ವಾರ್ಡನ್ ನೋಡಲಿ, ಮಕ್ಕಳೂ ನೋಡಲಿ.

ನಿನ್ನ ತಮ್ಮ

*

ಆಗಸ್ಟ್ ೧೯

ತಮ್ಮಾ,

ಹೊತ್ತುಕೊಂಡು ಹೋಗುವ ಮಾತು ಓದಿ, ಮಾನ ಉಳಿಸಿಕೊಳ್ಳಲು ನಾನೇ ನಡೆದುಕೊಂಡು ಹೋದೆ. ವಾರ್ಡನ್ ಜೊತೆಗೆ ಬಂದಳು. ಒಳ್ಳೆಯವಳೇ.

ನಿಮ್ಮ ಡಾಕ್ಟರು ಹೇಳಿದ್ದು ನಿಜ. ಕಿಡ್ನಿ ಅರ್ಧಕ್ಕಿಂತ ಹೆಚ್ಚು ಕೈಕೊಟ್ಟಿದೆ. ಮೈಯಲ್ಲಿ ಸೇರಿಕೊಂಡ ಕೊಳೆ ಹೊರಗೆ ಹೋಗಲು ದಾರಿ ಸಾಲದೆ ನಾಲಿಗೆಯ ಮೇಲೆ ಬಂದು ಕೂತಿದೆಯಂತೆ. ಕಬ್ಬಿಣ ಕಬ್ಬಿಣ ಎಂದು ನಾನು ಕೂಗಿದ್ದು ಅದನ್ನೇ. ಡಾಕ್ಟರಮ್ಮ ಸಣ್ಣ ವಯಸ್ಸಿನವಳು, ಮುಚ್ಚುಮರೆ ಇಲ್ಲ. "ಹೋದದ್ದು ವಾಪಸ್ ಬರಲ್ಲ. ಉಳಿದಿರೋದನ್ನ ಉಳಿಸಿಕೊಳ್ಳೋಣ. ಇನ್ನೊಂದು ಆರು ತಿಂಗಳು ಬಿಟ್ಟು ಬಂದಿದ್ರೆ ಈ ಮಾತೂ ಹೇಳೋಕಾಗ್ತಿರಲಿಲ್ಲ" ಎಂದಳು. ಮಾತ್ರೆ, ಊಟದ ಪಥ್ಯ ಸರಿಯಾಗಿ ನಡೆಸಿದರೆ ರಕ್ತ ಶುದ್ಧಿ ಮಾಡುವ ಯಂತ್ರಕ್ಕೆ ಹಾಕುವ ಕಾಲವನ್ನು ವರ್ಷಗಟ್ಟಲೆ ಮುಂದೂಡಬಹುದಂತೆ.

ಈಗ ತಮಾಷೆ ಕೇಳು. ಉಪ್ಪು ಕಡಿಮೆ, ಅದು ಸರಿ. ಪ್ರೋಟೀನೂ ಕಡಿಮೆ. ದಿನಕ್ಕೆ ಇಷ್ಟೇ ಎಂದು ಅಳೆದು ಕೊಟ್ಟಿದ್ದಾರೆ, ಬೆಕ್ಕಿಗೆ ಹಾಕಿದಷ್ಟು. ತಮ್ಮನಾದವನು ಲೋಕಕ್ಕೆಲ್ಲ ಪ್ರೋಟೀನು ಮಾಡುತ್ತಾನೆ, ಅಕ್ಕನಿಗೆ ಅದೇ ವರ್ಜ್ಯ. ನಕ್ಕೆ, ಆಮೇಲೆ ಬಸ್ಸಿನಲ್ಲಿ ಅತ್ತೆ. ವಾರ್ಡನ್ ಕಿಟಕಿಯ ಕಡೆ ನೋಡುತ್ತಾ ಕೂತಿದ್ದಳು.

ನಿನ್ನ ಮಾಲು ಬಿಡಿಸು. ನನ್ನಿಂದ ಎಷ್ಟು ಜನರ ಅನ್ನಕ್ಕೆ ಅಡ್ಡಿಯಾಯಿತೋ. ಆ ಡ್ರೈಯರ್ ಹುಡುಗನಿಗೆ ನನ್ನ ಕಡೆಯಿಂದ ಕೈಮುಗಿ.

ಅಕ್ಕ

*

ಆಗಸ್ಟ್ ೨೬

ಅಕ್ಕಾ,

ಮಾಲು ಹೋಯಿತು. ನಿನ್ನ ರಕ್ತ ಪರೀಕ್ಷೆಯ ವಿಷಯ ಮೇಡಂ ಹತ್ತಿರ ಹೇಳಿದೆ. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ. ಅವರು ರಜೆ ಎಷ್ಟು ಬೇಕು ಎಂದು ಮಾತ್ರ ಕೇಳಿದರು. ಗೆಳೆಯ ಮಾತು ಶುರುಮಾಡಿದ್ದಾನೆ, ನಿಲ್ಲಿಸುತ್ತಲೇ ಇಲ್ಲ.

ಇಲ್ಲಿನ ಡಾಕ್ಟರನ್ನು ಕೇಳಿದೆ. ಪ್ರೋಟೀನು ನಿನಗೆ ಪೂರ್ತಿ ವರ್ಜ್ಯವಲ್ಲ. ಸ್ವಲ್ಪವೇ ತಿನ್ನುವುದಾದರೆ ಮೈಗೆ ಪೂರ್ತಿ ಹತ್ತುವಂಥದ್ದನ್ನು ತಿನ್ನಬೇಕು, ಮೊಟ್ಟೆಯ ಬಿಳಿಭಾಗ ಅಂಥದ್ದು ಎಂದರು. ನಮ್ಮದೂ ಅದೇ ತಾನೆ ಎಂದೆ. ನಿನ್ನ ಡಾಕ್ಟರಮ್ಮನನ್ನು ಕೇಳಿ ಅವರು ಒಪ್ಪಿದರೆ ಮಾತ್ರ ಎಂದರು.

ಈ ಸಲ ಬರಲೇ ಎಂದು ಕೇಳುವುದಿಲ್ಲ. ಬರುತ್ತಿದ್ದೇನೆ. ಊಟ ಹಾಕುವುದಿಲ್ಲ ಅಂದರೆ ನಾನೇ ಮಾಡಿಕೊಳ್ಳುತ್ತೇನೆ, ನಿನಗೂ ಮಾಡುತ್ತೇನೆ.

ನಿನ್ನ ತಮ್ಮ

*

ಅಕ್ಟೋಬರ್ ೪

ತಮ್ಮಾ,

ನೀನು ಸುಖವಾಗಿ ವಾಪಸು ತಲುಪಿದೆ ಎಂದು ತಿಳಿಯಿತು. ನೀನು ತೊಳೆದಿಟ್ಟ ಪಾತ್ರೆಗಳನ್ನೆಲ್ಲ ನಾನು ಮತ್ತೊಮ್ಮೆ ತೊಳೆದೆ.

ಪಾದದ ಬಾವು ಇಳಿದಿದೆ. ಡಾಕ್ಟರಮ್ಮ ಈ ತಿಂಗಳ ವರದಿ ನೋಡಿ, ಇದ್ದಲ್ಲೇ ನಿಂತಿದೆ ಎಂದಳು. ಅವಳ ಭಾಷೆಯಲ್ಲಿ ಅದು ಹೊಗಳಿಕೆಯಂತೆ. ಕಬ್ಬಿಣ ಪೂರ್ತಿ ಹೋಗಿಲ್ಲ, ಕೆಲವು ಬೆಳಿಗ್ಗೆ ಇರುತ್ತದೆ, ಕೆಲವು ಬೆಳಿಗ್ಗೆ ಇರುವುದಿಲ್ಲ. ಒಲೆಯ ಹತ್ತಿರ ವಾರಕ್ಕೆರಡು ದಿನ ಹೋಗುತ್ತೇನೆ. ಉಪ್ಪನ್ನು ಹುಡುಗಿ ನೋಡುತ್ತಾಳೆ, ಬೆಂಕಿಯನ್ನು ನಾನು ನೋಡುತ್ತೇನೆ. ಅವಳು ಹೇಳಿದ್ದೇ ಕೊನೆ ಎಂದು ಒಪ್ಪಿಕೊಳ್ಳಲು ಕಷ್ಟವಾಯಿತು, ಸುಳ್ಳು ಯಾಕೆ ಹೇಳಲಿ. ಈಗ ಅಷ್ಟು ಕಷ್ಟವಿಲ್ಲ.

ನೀನು ಇದ್ದಾಗ ಹೇಳಲಿಕ್ಕಾಗದ ಒಂದು ಮಾತಿದೆ. ಹೇಳಿದ್ದರೆ ನೀನು ಅತ್ತು ರಂಪ ಮಾಡುತ್ತಿದ್ದೆ.

ಆ ಭಾನುವಾರ ನೀನು ಡಾಕ್ಟರಮ್ಮ ಒಪ್ಪಿದಷ್ಟೇ ಪುಡಿಯನ್ನು ತಕ್ಕಡಿಯಲ್ಲಿ ತೂಗಿ, ನೊರೆ ಎಬ್ಬಿಸಿ, ಆಮ್ಲೆಟ್ ಮಾಡಿದೆ. ಒಂದು ಅಂಚು ಕರಕಲಾಯಿತು. ಇನ್ನೊಂದು ಅಂಚು ಬೇಯಲೇ ಇಲ್ಲ. ನಾನು ಬಾಯಿ ಮುಚ್ಚಿಕೊಂಡು ಕುರ್ಚಿಯಲ್ಲಿ ಕೂತಿದ್ದೆ, ಅದಕ್ಕೆ ನನಗೆ ಯಾರಾದರೂ ಬಹುಮಾನ ಕೊಡಬೇಕು. ನೀನು ತಟ್ಟೆಗೆ ಹಾಕಿ ನನ್ನ ಮುಂದಿಟ್ಟೆ. ಹೇಗಿದೆ ಎಂದು ನೀನು ಕೇಳುತ್ತೀಯ, ಏನು ಹೇಳಲಿ ಎಂದು ನಾನು ಯೋಚಿಸುತ್ತಿದ್ದೆ. ನೀನು ಕೇಳಲಿಲ್ಲ. ಎದುರಿಗೆ ಕೂತು ನಿನ್ನ ಪಾಡಿಗೆ ತಿನ್ನತೊಡಗಿದೆ.

ಕಬ್ಬಿಣ ಇತ್ತೋ ಇಲ್ಲವೋ ನಾನು ನೋಡಲಿಲ್ಲ ಕಣೋ. ಬುದ್ಧಿ ಬಂದಾಗಿನಿಂದ ಬಾಯಿಗಿಟ್ಟ ಪ್ರತಿಯೊಂದನ್ನೂ ಹೆಚ್ಚೋ ಕಡಿಮೆಯೋ ಎಂದು ತೂಗಿಯೇ ನುಂಗಿದವಳು ನಾನು. ಆ ದಿನ ತೂಗಲಿಲ್ಲ. ಸುಮ್ಮನೆ ತಿಂದೆ. ತಟ್ಟೆ ಖಾಲಿಯಾದಾಗ ಇನ್ನೊಂದು ಚೂರು ಇದ್ದಿದ್ದರೆ ಅನ್ನಿಸಿತು. ಅಳತೆ ಮುಗಿದಿತ್ತು, ಅದಕ್ಕೇ ಕೇಳಲಿಲ್ಲ.

ಹಸಿವಾಗಿ ಎಷ್ಟು ತಿಂಗಳಾಗಿತ್ತೋ.

ಅಕ್ಕ